ಬಡ್ಡಿಯಿಂದ ಹೊರಬರಲು ದಂಡ ತೆರಬೇಕೇ?

ಕೆಲವು ತಿಂಗಳ ಹಿಂದೆ ಒಂದು ಶುಕ್ರವಾರ ಜುಮಾ ನಮಾಝಿನ ಬಳಿಕ ನನ್ನ ಭಾವ ಅಕ್ಕನೊಂದಿಗೆ ಮನೆಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಬ್ಯಾಂಕಿನ ಕಾಗದಗಳು. ಮನೆ ಕಟ್ಟಲು ಮಾಡಿದ ಸಾಲದಲ್ಲಿ ಇನ್ನೂ 8 ಲಕ್ಷ ರೂಪಾಯಿ ಬಾಕಿಯಿದೆ. ಶೇಕಡಾ 10.5ರ ಸ್ಥಿರ ಬಡ್ಡಿದರ. ತಿಂಗಳಿಗೆ 10,795 ರೂಪಾಯಿಯಂತೆ ಇನ್ನು 10 ವರ್ಷ ಕಂತು ಕಟ್ಟಬೇಕು. ಈ ನಡುವೆ ತಂದೆಯ ಅಡಿಕೆ ತೋಟ ಮಾರಿದ್ದರಲ್ಲಿ ಭಾವನ ಪಾಲಿಗೆ 5 ಲಕ್ಷ ಬಂದಿತ್ತು. ಅದನ್ನು ಸಾಲಕ್ಕೆ ಕಟ್ಟಿಬಿಡೋಣವೆಂದರೆ, ಅವಧಿಗೆ ಮುನ್ನ ಕಟ್ಟುವ ಮೊತ್ತಕ್ಕೆ ಶೇಕಡಾ 2ರ ಶುಲ್ಕ, ಅದರ ಮೇಲೆ ಜಿಎಸ್‌ಟಿ.

"ಬಡ್ಡಿಯಿಂದ ಹೊರಗೆ ಬರುವುದಕ್ಕೂ ದಂಡ! ಅದೂ ಬಡ್ಡಿಯ ಜಾತಿಯದ್ದೇ ಅಲ್ಲವೇ? ಇನ್ನೊಂದು ಹರಾಮಿಗೆ ಕೈಹಾಕುವ ಬದಲು ಸುಮ್ಮನೆ ಕಂತು ಕಟ್ಟುತ್ತಾ ಹೋಗಲೇ? ಕಿತಾಬು ಓದಿದವನು ನೀನು, ಹೇಳು" ಎಂದರು.

ಆ ಸಾಲ ಮಾಡಿದ್ದೇ ತಪ್ಪಾಯಿತೆಂದು ಭಾವ ಹಲವು ಬಾರಿ ಮರುಗಿದ್ದಾರೆ. ಮುಗಿದುಹೋದ ಆ ಮಾತನ್ನು ನಾನು ಮತ್ತೆ ಕೆದಕಲಿಲ್ಲ. ಈ ಶುಲ್ಕ ಅನ್ಯಾಯವೇ ಎಂಬ ಪ್ರಶ್ನೆ ಮಾತ್ರ ಯೋಚಿಸತಕ್ಕದ್ದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಬೇಗ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ಇಂತಹ ಶುಲ್ಕ ಪಡೆಯಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಆದೇಶಿಸಿತ್ತು. ಸ್ಥಿರ ದರದ ಸಾಲಕ್ಕೆ ಆ ರಕ್ಷಣೆ ಇಲ್ಲ. ಹತ್ತು ವರ್ಷದ ಬಡ್ಡಿಯನ್ನು ಲೆಕ್ಕಹಾಕಿ ಕುಳಿತ ಬ್ಯಾಂಕಿಗೆ, ಸಾಲಗಾರ ಬೇಗ ಬಿಡುಗಡೆಯಾದರೆ ನಷ್ಟವೆನಿಸುತ್ತದೆ.

ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಇದಕ್ಕೆ ತೀರಾ ತದ್ವಿರುದ್ಧವಾದೊಂದು ಚರ್ಚೆಯಿದೆ. ಅವಧಿಗೆ ಮುನ್ನ ಸಾಲ ತೀರಿಸುವವನಿಗೆ ಸಾಲ ಕೊಟ್ಟವನು ಸ್ವಲ್ಪ ಬಿಟ್ಟುಕೊಡಬಹುದೇ ಎಂಬುದು ಅಲ್ಲಿಯ ಪ್ರಶ್ನೆ. ಹೆಚ್ಚಿನ ಇಮಾಮರು ಅದನ್ನು ಒಪ್ಪಲಿಲ್ಲ. ಇಬ್ನು ಅಬ್ಬಾಸ್(ರ)ರು ಒಪ್ಪಿದ್ದರೆಂದು ವರದಿಯಿದೆ. ಮೊದಲೇ ಶರತ್ತು ಹಾಕಿಕೊಂಡಿರದಿದ್ದರೆ ಹಾಗೆ ಬಿಟ್ಟುಕೊಡಬಹುದೆಂದು ಜಿದ್ದಾದ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 1992ರಲ್ಲಿ ತೀರ್ಮಾನಿಸಿತು. ವಿದ್ವಾಂಸರು ಚರ್ಚಿಸಿದ್ದು ಬಿಟ್ಟುಕೊಡುವ ಬಗ್ಗೆ. ಬೇಗ ತೀರಿಸಿದವನಿಂದ ಇನ್ನಷ್ಟು ವಸೂಲು ಮಾಡುವ ಕಾಲವೊಂದು ಬಂದೀತೆಂದು ಅವರಿಗೆ ತೋಚಿರಲಾರದು.

ಆದರೂ ಆ ಶುಲ್ಕ ತೆರುವುದರಿಂದ ಭಾವ ಹೊಸ ಪಾಪವನ್ನು ಹೊರುತ್ತಾರೆಂದು ನನಗನಿಸುವುದಿಲ್ಲ. ಶರತ್ತು ಒಪ್ಪಂದಪತ್ರದಲ್ಲಿತ್ತು, ಕೆಳಗೆ ಅವರದೇ ಸಹಿಯಿತ್ತು. ಎರಡು ಕೇಡುಗಳು ಎದುರಾದಾಗ ಹಗುರವಾದುದನ್ನು ಹೊತ್ತು ಭಾರವಾದುದನ್ನು ತಪ್ಪಿಸಿಕೊಳ್ಳಬೇಕೆಂಬುದು ಶರೀಅತಿನ ಪ್ರಸಿದ್ಧ ನಿಯಮ. ಯಾವುದು ಹಗುರವೆಂದು ತಿಳಿಯಲು ಕಾಗದ, ಪೆನ್ನು ಸಾಕು. 5 ಲಕ್ಷ ಕಟ್ಟಿದರೆ ಶುಲ್ಕ 10,000, ಜಿಎಸ್‌ಟಿ 1,800, ಒಟ್ಟು 11,800 ರೂಪಾಯಿ. ಅದೇ 5 ಲಕ್ಷದ ಮೇಲಿನ ಬಡ್ಡಿ ವರ್ಷಕ್ಕೆ 52,500. ಮೂರು ತಿಂಗಳು ತುಂಬುವ ಮೊದಲೇ ಬಡ್ಡಿಯು ದಂಡವನ್ನು ಮೀರಿಸಿಬಿಡುತ್ತದೆ!

ಲೆಕ್ಕ ನೋಡಿ ಭಾವ ತುಸು ಹೊತ್ತು ಮಾತಾಡಲಿಲ್ಲ. ಬಳಿಕ ಮೆಲ್ಲನೆ, "ಹಣವನ್ನು ಎಫ್‌ಡಿಯಲ್ಲಿಡು, ಶೇಕಡಾ 7 ಬರುತ್ತದೆ, ಕಂತಿಗೆ ನೆರವಾಗುತ್ತದೆ ಎಂದು ಒಬ್ಬರು ಹೇಳಿದ್ದರು" ಎಂದರು. ನನಗೆ ನಗು ಬಂತು, ನೋವೂ ಆಯಿತು. ಒಂದು ಬಾರಿ ಕಟ್ಟಿ ಬಿಡುಗಡೆ ಹೊಂದುವ ಶೇಕಡಾ 2ರಲ್ಲಿ ಹರಾಮನ್ನು ಕಂಡ ಕಣ್ಣಿಗೆ ಪ್ರತಿವರ್ಷ ಕೈಗೆ ಬರುವ ಶೇಕಡಾ 7 ಯಾಕೆ ಕಾಣಲಿಲ್ಲ? ಇದು ಭಾವನೊಬ್ಬರ ದೌರ್ಬಲ್ಯವಲ್ಲ. ಮನಸ್ಸಿಗೆ ಬೇಡವಾದುದನ್ನು ಮುಂದೂಡಲು ನಾವೆಲ್ಲರೂ ಧರ್ಮಭೀತಿಯನ್ನೇ ನೆಪವಾಗಿ ಹಿಡಿಯುತ್ತೇವೆ. ಹಾಗೆ ಹಿಡಿದಾಗ ನಮ್ಮ ಮೇಲೆ ನಮಗೇ ಗೌರವ ಹೆಚ್ಚುತ್ತದೆ ಬೇರೆ.

ಪ್ರವಾದಿ(ಸ)ರು ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರೆಂದು ಆಯಿಶಾ(ರ) ವರದಿ ಮಾಡಿದ್ದಾರೆ. ಸಾಲಗಾರನು ಮಾತಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬುದೇ ಅವರು ನೀಡಿದ ಕಾರಣ. ಇದನ್ನು ವಿವರಿಸಿ, 5 ಲಕ್ಷವನ್ನೂ ಸೋಮವಾರವೇ ಕಟ್ಟಿಬಿಡಿ, ಕಂತು ಹೀಗೆಯೇ ಮುಂದುವರಿದರೆ 32 ತಿಂಗಳಲ್ಲಿ ಸಾಲ ಮುಗಿಯುತ್ತದೆ ಎಂದೆ. ಉಪದೇಶ ಮಾಡುವುದು ಸುಲಭ. ಅದು ನನ್ನ ಕಸುಬೂ ಹೌದು.

ಆಗ ಬಾಗಿಲ ಬಳಿ ನಿಂತಿದ್ದ ಅಕ್ಕ ಬಾಯಿಬಿಟ್ಟಳು. "ಎರಡು ವರ್ಷದ ಹಿಂದೆ ಇವರು ಆಸ್ಪತ್ರೆಯಲ್ಲಿದ್ದಾಗ ಕೈಯಲ್ಲಿ ಬಿಡಿಗಾಸಿರಲಿಲ್ಲ. ನನ್ನ ಬಳೆ ಅಡವಿಟ್ಟು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕಟ್ಟಿದ್ದೇವೆ. ಅದು ನಿನ್ನ ಲೆಕ್ಕದಲ್ಲಿ ಎಲ್ಲಿದೆ?"

ಎಲ್ಲಿಯೂ ಇರಲಿಲ್ಲ. ತಿಂಗಳಿಗೆ ನೂರಕ್ಕೆ ಎರಡೆಂದರೆ ವರ್ಷಕ್ಕೆ ಶೇಕಡಾ 24. ಹತ್ತೂವರೆಯಿಂದ ತಪ್ಪಿಸಿಕೊಳ್ಳಲು ಹೋಗಿ ಕೈ ಬರಿದು ಮಾಡಿಕೊಂಡವನು ನಾಳೆ ಕಾಯಿಲೆ ಬಿದ್ದಾಗ ಇಪ್ಪತ್ತನಾಲ್ಕರ ಬಾಯಿಗೆ ಬೀಳುತ್ತಾನೆ. ಕೈಯನ್ನು ಕುತ್ತಿಗೆಗೆ ಕಟ್ಟಿಕೊಳ್ಳಬಾರದು, ಪೂರ್ತಿ ಚಾಚಿಬಿಡಲೂ ಬಾರದು ಎಂಬ ಆಶಯದ ಕುರ್‌ಆನ್ ವಚನವನ್ನು (17:29) ಮಕ್ಕಳಿಗೆ ಎಷ್ಟೋ ಬಾರಿ ಕಲಿಸಿದ್ದೇನೆ. ಅಂದು ನನಗದು ನೆನಪಾದದ್ದು ಅಕ್ಕನ ಮಾತಿನಿಂದ.

ಮತ್ತೆ ಲೆಕ್ಕಕ್ಕೆ ಕುಳಿತೆವು. 3 ಲಕ್ಷ ಕಟ್ಟಿ 2 ಲಕ್ಷ ಉಳಿಸಿಕೊಂಡರೆ ಶುಲ್ಕ, ತೆರಿಗೆ ಸೇರಿ 7,080. ಕಂತಿನ ಮೊತ್ತ ಬದಲಿಸದಿದ್ದರೆ ಸಾಲ ಹತ್ತು ವರ್ಷದ ಬದಲು ಐದು ವರ್ಷಕ್ಕೆ ತೀರುತ್ತದೆ, ಬಡ್ಡಿಯಲ್ಲಿ ಸುಮಾರು ಮೂರೂವರೆ ಲಕ್ಷ ಉಳಿಯುತ್ತದೆ. ಬದಿಗಿಟ್ಟ 2 ಲಕ್ಷ ಬಡ್ಡಿಯಿಲ್ಲದ ಚಾಲ್ತಿ ಖಾತೆಯಲ್ಲಿ ಬೆಳೆಯದು, ಬೆಲೆಯೇರಿಕೆಯಲ್ಲಿ ಅಷ್ಟಿಷ್ಟು ಕರಗಲೂಬಹುದು. ಕರಗಲಿ ಎಂದಳು ಅಕ್ಕ.

ಸೋಮವಾರ ಬ್ಯಾಂಕಿನಿಂದಲೇ ಭಾವನ ಫೋನು ಬಂತು. ಶುಲ್ಕ ಮನ್ನಾ ಮಾಡುವಿರಾ ಎಂದು ಕೇಳಿದ್ದರಂತೆ, ಆಗದು ಎಂದರಂತೆ. "ಕಂತು ಕಡಿಮೆ ಮಾಡಬೇಕೋ, ವರ್ಷ ಕಡಿಮೆ ಮಾಡಬೇಕೋ ಎಂದು ಕೇಳುತ್ತಿದ್ದಾರೆ. ಕಂತು ಕಡಿಮೆಯಾದರೆ ತಿಂಗಳ ಖರ್ಚಿಗೆ ಆರಾಮ..." ಎಂದು ರಾಗ ಎಳೆದರು. ನಾನು ಬಾಯಿ ತೆರೆಯುವ ಮುಂಚೆ ಅವರ ಪಕ್ಕದಿಂದ ಅಕ್ಕನ ಸ್ವರ ಕೇಳಿಸಿತು: "ವರ್ಷ ಅನ್ನಿ."