ಶೋಕದ ಮನೆಯಲ್ಲಿ ಶ್ರಾವಕಧರ್ಮ

ಮಗು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಾಗ ತಾಯಿತಂದೆಗಳ ಶೋಕದೊಡನೆ ಒಂದು ವಿಚಾರಣೆಯೂ ಆರಂಭವಾಗುತ್ತದೆ. ರೋಗದಿಂದ ಸತ್ತರೆ ರೋಗವನ್ನು ದೂರಬಹುದು. ಇಲ್ಲಿ ತಮ್ಮ ಹೊರತು ದೂರಲು ಯಾರೂ ಕಾಣುವುದಿಲ್ಲ. ಹಿಂದಿನ ದಿನ ಗದರಿದ ಮಾತು, ಕಿವಿಗೊಡದೆ ಹೋದ ಒಂದು ಪ್ರಶ್ನೆ ಹಗಲಿರುಳು ಎದುರಿಗೆ ನಿಲ್ಲುತ್ತವೆ. ಇದರ ಮೇಲೆ ಬಂಧುಗಳು ಬಂದು ಕಾರಣ ಕೇಳುತ್ತಾರೆ. ‘ಎಲ್ಲ ನಿಮ್ಮ ಪೂರ್ವಕರ್ಮ’ ಎಂದು ಸಮಾಧಾನದ ಧ್ವನಿಯಲ್ಲಿಯೇ ತೀರ್ಪು ಕೊಡುವವರೂ ಉಂಟು.

ಈ ತೀರ್ಪು ಜೈನ ಕರ್ಮಸಿದ್ಧಾಂತಕ್ಕೆ ಒಪ್ಪುವುದೇ? ಪ್ರತಿಯೊಂದು ಜೀವವೂ ತಾನು ಕಟ್ಟಿದ ಕರ್ಮದ ಫಲವನ್ನು ತಾನೇ ಉಣ್ಣುತ್ತದೆ; ಮಗನ ಕರ್ಮ ತಂದೆಯದಲ್ಲ. ನಿಮಿತ್ತಗಳು ಹಲವಿರುವಾಗ ಗದರಿದ ಒಂದು ಮಾತೇ ಸಾವಿಗೆ ಕಾರಣವೆನ್ನುವುದು ಏಕಾಂತ. ಇಂದಿನ ಮನೋವೈದ್ಯಶಾಸ್ತ್ರವೂ ಆತ್ಮಹತ್ಯೆಗೆ ಒಂದೇ ಕಾರಣವನ್ನು ಹೇಳುವುದಿಲ್ಲ. ಇದು ಆತ್ಮಘಾತವನ್ನು ಒಪ್ಪಿದಂತಲ್ಲ. ರಾಗದ್ವೇಷಗಳಿಗೆ ವಶವಾಗಿ ಮಾಡಿಕೊಳ್ಳುವ ಪ್ರಾಣಹರಣದಿಂದ ಸಲ್ಲೇಖನೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಆದರೆ ಆ ಚರ್ಚೆಗೆ ಶೋಕದ ಮನೆಯ ಜಗಲಿ ಸ್ಥಳವಲ್ಲ.

ಅಳುವುದು ಆರ್ತಧ್ಯಾನ, ಅಳಬಾರದು ಎಂಬ ಉಪದೇಶವೂ ಕೇಳಿಬರುತ್ತದೆ. ತತ್ತ್ವಾರ್ಥಸೂತ್ರವು ಇಷ್ಟವಿಯೋಗದ ಚಿಂತೆಯನ್ನು ಆರ್ತಧ್ಯಾನದಲ್ಲಿ ಸೇರಿಸಿರುವುದು ನಿಜ. ಅದೇ ಗ್ರಂಥದ ಆರನೆಯ ಅಧ್ಯಾಯವು ದುಃಖ, ಶೋಕ, ಆಕ್ರಂದನಗಳನ್ನು ತನ್ನಲ್ಲಿ ಮಾತ್ರವಲ್ಲ, ಪರರಲ್ಲಿ ಉಂಟುಮಾಡಿದರೂ ಅಸಾತಾವೇದನೀಯ ಕರ್ಮದ ಆಸ್ರವವೆಂದಿದೆ. ಉಪದೇಶಕ್ಕೆ ಬಂದವರು ಈ ಭಾಗವನ್ನು ನೆನೆಯುವುದು ಕಡಿಮೆ.

ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ರಾಮನು ಲಕ್ಷ್ಮಣನ ಶವವನ್ನು ಆರು ತಿಂಗಳು ಬಿಡಲಿಲ್ಲ. ಜೀವಂತನೆಂದೇ ಬಗೆದು ಉಪಚರಿಸಿದನು. ಬಂಧುಮಿತ್ರರ ಬೋಧೆ ಅವನಿಗೆ ನಾಟಲಿಲ್ಲ. ಕೊನೆಗೆ ಬಂದ ಇಬ್ಬರು ದೇವತೆಗಳಲ್ಲಿ ಒಬ್ಬನು ಅವನ ಹಿಂದಿನ ಸೇನಾನಿ, ಮತ್ತೊಬ್ಬನು ಹಿಂದೆ ಜಟಾಯುವಾಗಿದ್ದವನು. ಅವನಿಂದ ಉಪಕಾರ ಪಡೆದಿದ್ದ ಜೀವಗಳು. ಅವರು ಒಣಮರಕ್ಕೆ ನೀರೆರೆಯುತ್ತ, ಅದು ವ್ಯರ್ಥವೆಂದು ರಾಮನೇ ಹೇಳುವಂತೆ ಮಾಡಿದರು. ಇಷ್ಟು ಶೋಕಿಸಿದ ಆ ರಾಮನು ಅದೇ ಭವದಲ್ಲಿ ಮುಕ್ತನಾದನು.

ಆತ್ಮಘಾತದ ಮರಣಕ್ಕೆ ಆರು ತಿಂಗಳ ಸೂತಕವನ್ನು ಹೇಳುವ ಪದ್ಧತಿ ದಿಗಂಬರರಲ್ಲಿದೆ. ಆಗ ಅಭಿಷೇಕ, ಪೂಜೆ, ಮುನಿಗಳಿಗೆ ಆಹಾರದಾನ ನಿಲ್ಲುತ್ತವೆ. ಪಂಚನಮಸ್ಕಾರದ ಸ್ಮರಣೆಗೆ ತಡೆಯಿಲ್ಲ, ನೆರೆಯವರು ಆ ಮನೆಗೆ ಹೋಗಿ ಕುಳಿತುಕೊಳ್ಳುವುದಕ್ಕೂ ತಡೆಯಿಲ್ಲ. ಸೂತಕದ ದಿನಗಳನ್ನು ಎಣಿಸಿ ಹೇಳುವ ಬಸದಿಯ ಆಡಳಿತ ಮಂಡಳಿಯವರು ಇದನ್ನೂ ಹೇಳಬೇಕು. ಸತ್ತ ಮಗನ ಹೆಸರನ್ನು ಎಲ್ಲರೂ ತಪ್ಪಿಸಿ ಮಾತನಾಡುವಾಗ, ಆ ಹೆಸರು ಹಿಡಿದು ತಾಯಿ ಹೇಳುವುದನ್ನು ಕೇಳುವವರು ಬೇಕು. ತಾನೂ ಅವನ ಹಿಂದೆಯೇ ಹೋಗುವೆನೆಂದು ಅವಳು ಅಂದರೆ ಅದನ್ನು ಬರಿಯ ಶೋಕದ ಮಾತೆಂದು ಬಿಡದೆ, ಒಂಟಿಯಾಗಿರಿಸದೆ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.