ಕನ್ನಡಕ ಮರೆತೆ ಎಂಬ ಸುಳ್ಳು

ಸುಳ್ಳು ಹೇಳಬಾರದು ಎಂದು ನಾವೆಲ್ಲ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಸತ್ಯ ಹೇಳಿದರೆ ಅನ್ನವೇ ಹೋಗುವಂತಿದ್ದಾಗ ಒಬ್ಬನು ಸುಳ್ಳು ಹೇಳಿದರೆ ಅದರ ಹೊಣೆ ಯಾರದು?

ಅರಸೀಕೆರೆ ತಾಲೂಕಿನ ಗಂಡಸಿಯಂಥ ಊರಿನ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳೋಣ. ಅದು ತೆಂಗಿನ ಸೀಮೆ. ಆತ ಕೊಬ್ಬರಿ ವ್ಯಾಪಾರಿಯೊಬ್ಬರ ಬಳಿ ದುಡಿಯುತ್ತಾನೆ. ಕಾಯಿಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಬಲ್ಲ. ಯಾರ ಬಾಕಿ ಎಷ್ಟೆಂಬುದು ಅವನಿಗೆ ಬಾಯಿಪಾಠ. ಶಾಲೆಗೂ ಹೋಗಿದ್ದಾನೆ. ಆದರೆ ಮಾಲೀಕರು ಚೀಟಿ ಕೊಟ್ಟು "ಓದಪ್ಪಾ" ಎಂದರೆ ಬೆವರುತ್ತಾನೆ. "ಕನ್ನಡಕ ಮನೇಲಿ ಬಿಟ್ಟು ಬಂದೆ ಸಾಹುಕಾರ್ರೇ" ಅನ್ನುತ್ತಾನೆ.

ಇಂಥವರಲ್ಲಿ ಹಲವರಿಗೆ ಇರುವುದು ಡಿಸ್ಲೆಕ್ಸಿಯಾ. ಇದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಆಡುವ ಧ್ವನಿಯನ್ನು ಬರೆದ ಅಕ್ಷರಕ್ಕೆ ಹೊಂದಿಸುವುದು ಅವರ ಮೆದುಳಿಗೆ ಹುಟ್ಟಿನಿಂದಲೇ ಕಷ್ಟ. ಕಾಗುಣಿತ, ಒತ್ತಕ್ಷರಗಳ ನಮ್ಮ ಬರವಣಿಗೆ ಅವರಿಗೆ ದಿನವೂ ಏರಬೇಕಾದ ದಿಣ್ಣೆ. ವಯಸ್ಸಾಯಿತೆಂದು ಇದು ಮಾಯವಾಗುವುದಿಲ್ಲ. 2007ರ 'ತಾರೇ ಜಮೀನ್ ಪರ್' ಚಿತ್ರ ನೋಡಿ ನಾವು ಕಣ್ಣೊರೆಸಿಕೊಂಡೆವು. ಆ ಹುಡುಗ ದೊಡ್ಡವನಾದ ಮೇಲೆ ಅವನಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಮಾತ್ರ ಕೇಳಲಿಲ್ಲ. ಕನ್ನಡದಲ್ಲೂ ಇದನ್ನು ಗುರುತಿಸಲು ನೆರವಾಗುವ 'ಡಾಲಿ' ಪರೀಕ್ಷೆ ಬಂದದ್ದು 2015ರಲ್ಲಿ. ಅದೂ ಒಂದರಿಂದ ಐದನೇ ತರಗತಿಯ ಮಕ್ಕಳಿಗಾಗಿ. ಅದಕ್ಕೂ ಮುಂಚೆ ಶಾಲೆ ಬಿಟ್ಟವರಿಗೆ ಸಿಕ್ಕಿದ್ದು 'ದಡ್ಡ' ಎಂಬ ಬಿರುದು ಮಾತ್ರ.

ಓದಿದವನು ಒಳ್ಳೆಯವನು, ತಡವರಿಸುವವನು ಬೇಜವಾಬ್ದಾರಿ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅಕ್ಷರವನ್ನೇ ಗುಣದ ಅಳತೆಗೋಲು ಮಾಡಿದವರು ನಾವು. ಕನ್ನಡಕ ಮರೆತೆನೆಂಬ ಸುಳ್ಳಿನಲ್ಲಿ ನಮ್ಮ ಪಾಲೂ ಇದೆ.

ಹಾಗೆಂದು ಮುಚ್ಚಿಡುವುದೆಲ್ಲ ಸರಿಯಾಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಹೆಸರು ತಪ್ಪಿ ಓದಿದರೆ ಪೆಟ್ಟು ಬೀಳುವುದು ಮೂರನೆಯವರಿಗೆ. ಇನ್ನೊಬ್ಬರ ಪ್ರಾಣ, ಹಣ ಕೈಯಲ್ಲಿದ್ದಾಗ ತನ್ನ ಕಷ್ಟವನ್ನು ಹೇಳಿಕೊಳ್ಳುವುದು ಕರ್ತವ್ಯ. ಆದರೆ ಆ ಸತ್ಯವನ್ನು ಅವನಿಂದ ಕೇಳುವ ಹಕ್ಕು ನಮಗೆ ಬರಬೇಕಾದರೆ, ಹೇಳಿದವನನ್ನು ನಾವು ಹೊರಗೆ ಹಾಕಬಾರದು.

ಕಾನೂನು ಇಲ್ಲಿ ನಮಗಿಂತ ಮುಂದೆ ಹೋಗಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದದ್ದು 7 ಬಗೆಯ ವೈಕಲ್ಯಗಳು, ಡಿಸ್ಲೆಕ್ಸಿಯಾ ಅವುಗಳಲ್ಲಿರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಅಂಥ ನೌಕರರಿಗೆ ಸರಕಾರಿ ಸಂಸ್ಥೆಗಳು ತಕ್ಕ ಅನುಕೂಲ ಮಾಡಿಕೊಡಬೇಕು ಎಂದೂ ಹೇಳಿತು. ಆದರೆ ಮೀಸಲಾತಿಗೆ ಕನಿಷ್ಠ ಶೇ. 40ರಷ್ಟು ನ್ಯೂನತೆಯ ಪ್ರಮಾಣಪತ್ರ ಬೇಕು. ಕೊಬ್ಬರಿ ಚೀಲ ಹೊಲಿಯುವವನು, ಗ್ಯಾರೇಜಿನ ಹುಡುಗ, ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳು ಆ ಪತ್ರಕ್ಕಾಗಿ ಎಲ್ಲಿಗೆ ಅಲೆಯಬೇಕು?

ಅವರಿಗೆ ಬೇಕಾದದ್ದು ದೊಡ್ಡದೇನಲ್ಲ. ಬರೆದುಕೊಟ್ಟದ್ದನ್ನು ಒಮ್ಮೆ ಬಾಯಲ್ಲೂ ಹೇಳುವುದು, ಚೀಟಿಯ ಬದಲು ಮೊಬೈಲಿನಲ್ಲಿ ಧ್ವನಿ ಸಂದೇಶ ಕಳಿಸುವುದು, ನಾಲ್ಕು ಜನರೆದುರು ಓದಿಸದಿರುವುದು, ಅರ್ಜಿ ತುಂಬಲು ತುಸು ಹೆಚ್ಚು ಸಮಯ ಕೊಡುವುದು. ಎಲ್ಲರ ಕೈಗೂ ಒಂದೇ ಚೀಟಿ ಕೊಟ್ಟರೆ ಅದು ಸಮಾನತೆಯಂತೆ ಕಾಣಬಹುದು, ನ್ಯಾಯವಾಗಲಾರದು.

ನಮ್ಮ ಅಂಗಡಿ, ಕಚೇರಿಗಳಲ್ಲಿ ಯಾರಾದರೂ "ನನಗೆ ಓದೋದು ಕಷ್ಟ, ಸ್ವಲ್ಪ ಹೇಳಿ" ಎಂದು ತಲೆತಗ್ಗಿಸದೆ ಕೇಳಬಲ್ಲರೇ? ಇಲ್ಲವೆಂದಾದರೆ ತಿದ್ದಿಕೊಳ್ಳಬೇಕಾದವರು ಮೊದಲು ನಾವೇ.