ಕೊಂಬಿನ ಸಂದು

ಬಸವನಗುಡಿಯಲ್ಲಿ ನನಗೆ ಇಷ್ಟವಾದ ಬಸವಗಳು ಎರಡು. ಕಹಳೆಬಂಡೆಯ ಪಕ್ಕದ ದೊಡ್ಡ ಬಸವಣ್ಣ ಸುಮಾರು 15 ಅಡಿ ಎತ್ತರ. ಗುಡಿ ಅವನದು, ಬಡಾವಣೆಯ ಹೆಸರೂ ಅವನದೇ. ಜನ ಬರುವುದು ಅವನನ್ನೇ ನೋಡಲಿಕ್ಕೆ. ಅಲ್ಲಿಂದ ಕಾಲು ಗಂಟೆ ನಡೆದರೆ ಗವಿಪುರದ ಗಂಗಾಧರೇಶ್ವರನ ಗುಹೆ. ಅಲ್ಲಿನ ನಂದಿ ಇವನ ಮುಂದೆ ಕರುವಿನಷ್ಟು. ಅವನನ್ನು ನೋಡಲೆಂದೇ ಯಾರೂ ಹೋಗುವುದಿಲ್ಲ.

ಸಂಕ್ರಾಂತಿಯ ಇಳಿಬಿಸಿಲು ಕಿಟಕಿಯಿಂದ ಒಳಬಂದು, ಆ ನಂದಿಯ ಕೊಂಬುಗಳ ಸಂದಿನಲ್ಲಿ ಹಾದು, ಲಿಂಗವನ್ನು ಮುಟ್ಟುತ್ತದೆ. ಕೆಲವೇ ನಿಮಿಷ. ಯೋಚಿಸಿದರೆ, ಬೆಳಕಿಗೆ ದಾರಿ ಬಿಟ್ಟದ್ದೆಲ್ಲ ಶಿಲ್ಪಿ ಕಡಿದು ತೆಗೆದ ಜಾಗ: ಕಿಟಕಿಯ ತೆರಪು, ಕೊಂಬಿನ ಸಂದು, ಬಾಗಿಲು. ಕೊಂಬನ್ನು ಎರಡು ಬೆರಳಿನಷ್ಟು ಒಳಕ್ಕೆ ಬಾಗಿಸಿದ್ದರೆ ನಂದಿ ಇನ್ನೂ ಚೆಲುವನಾಗುತ್ತಿದ್ದನೇನೋ, ಸಂಕ್ರಾಂತಿ ಕೆಡುತ್ತಿತ್ತು. ಶಿವನ ಗುಡಿಗೆ ಹೋದಾಗ ಅಜ್ಜಿಯಂದಿರು ನಂದಿಯ ಕೊಂಬಿನ ಮೇಲೆ ಬೆರಳಿಟ್ಟು, ನಡುವಿನಿಂದ ಲಿಂಗವನ್ನು ನೋಡುತ್ತಾರಲ್ಲ, ಶೃಂಗದರ್ಶನ. ಸೂರ್ಯನದೂ ಅದೇ ಪದ್ಧತಿ ಅನ್ನಿಸುತ್ತದೆ.

ಆದರೆ ಅವನ ಸರದಿ ವರ್ಷಕ್ಕೆ ಒಂದಲ್ಲ. ಜನವರಿಯಲ್ಲಿ ಉತ್ತರಕ್ಕೆ ತಿರುಗಿ ಬರುವಾಗ ಸಿಗುವ ಕೋನವೇ ನವೆಂಬರ್ ಕೊನೆಗೆ ದಕ್ಷಿಣಕ್ಕೆ ಹೋಗುವಾಗಲೂ ಸಿಗುತ್ತದೆ. ಆಗ ಟೀವಿ ಕ್ಯಾಮೆರಾಗಳಿಲ್ಲ, ನೂಕುನುಗ್ಗಲಿಲ್ಲ. ಹೆಚ್ಚುಕಡಿಮೆ ಕಡೇ ಕಾರ್ತಿಕದ ದಿನಗಳು ಅವು, ಊರೆಲ್ಲ ಆ ಇನ್ನೊಬ್ಬ ಬಸವನ ಪರಿಷೆಯಲ್ಲಿ ಕಡಲೆಕಾಯಿ ಬಿಡಿಸುತ್ತಿರುತ್ತದೆ!

1792ರಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಎಂಬ ಚಿತ್ರಕಾರರು ಗವಿಪುರದ ಗುಡಿಯ ಚಿತ್ರ ಬರೆದಿದ್ದರು. ಖಗೋಳ ಸಂಶೋಧಕರು ಆ ಚಿತ್ರಗಳನ್ನು ಈಗಿನ ಕಟ್ಟಡದ ಜೊತೆ ಹೋಲಿಸಿ ನೋಡಿದ್ದಾರೆ. ಆಮೇಲೆ ಸೇರಿದ ಕಟ್ಟಡದಿಂದ ಬೆಳಕಿನ ಲೆಕ್ಕವೇ ಬದಲಾಗಿದೆ ಎನ್ನುತ್ತಾರೆ. ಗೋಡೆ ಕಟ್ಟಿಸಿದವರು ಗೋಡೆಯನ್ನಷ್ಟೇ ನೋಡಿರಬೇಕು. ನಾವೂ ಮನೆಗೆ ಇನ್ನೊಂದು ರೂಮು ಎಬ್ಬಿಸುವಾಗ ಅಡುಗೆಮನೆಯ ಬೆಳಗಿನ ಬಿಸಿಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

2021ರ ಸಂಕ್ರಾಂತಿಗೆ ಮೋಡ ಕವಿದು ಬೆಳಕು ಲಿಂಗದವರೆಗೆ ಬರಲೇ ಇಲ್ಲ. ಅಪಶಕುನವೋ ಏನೋ ಎಂದು ಮಾತುಗಳಾದವು. ಕಿಟಕಿ, ಕೊಂಬು, ಬಾಗಿಲು ಎಲ್ಲ ಇದ್ದಲ್ಲೇ ಇದ್ದವು. ಟೀವಿಯ ಮುಂದೆ ಕಾಯುತ್ತ ಕೂತ ನನಗೆ ಆ ಪುಟ್ಟ ನಂದಿಯ ಕಿವಿ, ಹಿಣಿಲು, ಮಡಿಸಿದ ಕಾಲು ಸರಿಯಾಗಿ ಕಣ್ಣಿಗೆ ಬಿದ್ದದ್ದು ಅಂದೇ.